ಗಾಜಿನ ಅಂಗಳದ ಜೋಡಿ

ಹುನಗುಂದದ ಹೈಸ್ಕೂಲಿನಲ್ಲಿ ಮಕ್ಕಳು ಶೈಲಾಳಿಗೆ ಇಟ್ಟ ಹೆಸರು ‘ಸೀಟಿ ಅಕ್ಕೋರು’. ಹದಿನೆಂಟು ವರ್ಷದಿಂದ ಅವಳು ಅಲ್ಲಿ ಆಟ ಕಲಿಸುವ ಶಿಕ್ಷಕಿ. ದಿನಾ ಬೆಳಿಗ್ಗೆ ಇಳಕಲ್ಲಿನಿಂದ ಬಸ್ಸು ಹತ್ತಿ ಬರುವುದು, ಪ್ರಾರ್ಥನೆಗೆ ಸಾಲು ನಿಲ್ಲಿಸುವುದು, ಹುಡುಗರಿಗೆ ಕಬಡ್ಡಿ, ಹುಡುಗಿಯರಿಗೆ ಖೊಖೊ ಆಡಿಸುವುದು, ಸಂಜೆ ಮನೆಗೆ ಹೋಗಿ ಒಲೆ ಹಚ್ಚುವುದು. ಆಡಿಸುತ್ತಿದ್ದಳೇ ಹೊರತು ಅವಳು ಆಡಿದ್ದನ್ನು ಆ ಶಾಲೆಯಲ್ಲಿ ಯಾರೂ ಕಂಡಿರಲಿಲ್ಲ.

ಅವಳು ಆಡಿದ್ದು ಬಾಗಲಕೋಟೆಯಲ್ಲಿ, ಕಾಲೇಜಿನ ದಿನಗಳಲ್ಲಿ. ಉಣ್ಣೆಯ ಹಳದಿ ಚೆಂಡಿನ ಬಾಲ್ ಬ್ಯಾಡ್ಮಿಂಟನ್. ಅವಳ ಜೋಡಿ ಕುಮುದಿನಿ. ಓಣಿ ಬೇರೆ, ಮನೆತನ ಬೇರೆ, ಆದರೂ ಸಂಜೆ ಐದಾಯಿತೆಂದರೆ ಇಬ್ಬರೂ ಹಳೇ ಊರಿನ ತಗ್ಗಿನ ಮೈದಾನದಲ್ಲಿ ಹಾಜರು. ಅಣೆಕಟ್ಟಿನ ಹಿನ್ನೀರು ಏರಿ ಬಂದು ಆ ಮೈದಾನ ಮುಳುಗುವ ಹೊತ್ತಿಗೆ ಇಬ್ಬರ ಆಟವೂ ಮುಗಿದಿತ್ತು. ವಿಶ್ವವಿದ್ಯಾಲಯದ ತಂಡಕ್ಕೆ ಇಬ್ಬರೂ ಆಯ್ಕೆಯಾದ ವಾರವೇ ಕುಮುದಿನಿಗೆ ಬಾದಾಮಿಯ ಲಾಡ್ಜಿನವರ ಮನೆಯ ಹುಡುಗ ಗೊತ್ತಾದ. ಶೈಲಾ ಒಬ್ಬಳೇ ಪಂದ್ಯಕ್ಕೆ ಹೋಗಿ, ಮುಖಪರಿಚಯವೂ ಇಲ್ಲದ ಹುಡುಗಿಯ ಜೊತೆ ಆಡಿ, ಮೊದಲ ದಿನವೇ ಸೋತು ಬಂದಳು. ಆ ಸಿಟ್ಟಿಗೆ ಗೆಳತಿಯ ಮದುವೆಗೂ ಹೋಗಲಿಲ್ಲ. ಮುಂದೆ ಅವಳದೂ ಮದುವೆಯಾಯಿತು. ಗಂಡ ಚೇತನಕುಮಾರ ಇಳಕಲ್ಲಿನಲ್ಲಿ ವಿಮೆ ಕಚೇರಿಯ ನೌಕರ, ಒಳ್ಳೆಯ ಮನುಷ್ಯ. ಮಕ್ಕಳಾಗಲಿಲ್ಲ. ಅದರ ಬಗ್ಗೆ ಮನೆಯಲ್ಲಿ ಯಾರೂ ಮಾತೆತ್ತುವುದಿಲ್ಲ ಎಂಬಲ್ಲಿಗೆ ಆ ವಿಷಯವೂ ತಣ್ಣಗಾಗಿತ್ತು.

ಹೀಗಿರುವಾಗ ಚೇತನಕುಮಾರನ ಅಕ್ಕನ ಮಗಳ ಮದುವೆಗೆಂದು ಪುಣೆಗೆ ಹೋದಳು. ಮದುವೆಯ ಮರುದಿನ ಬೀಗರು ಇರುವ ಅಪಾರ್ಟ್‌ಮೆಂಟಿನ ಹಿಂದೆ ನಡೆದು ಹೋಗುತ್ತಿದ್ದಾಗ ಗಾಜಿನ ಗೋಡೆಗಳ ಒಂದು ಅಂಗಳ ಕಂಡಿತು. ಒಳಗೆ ನೀಲಿ ಹುಲ್ಲುಹಾಸು, ನಡುವೆ ಜಾಳಿಗೆ, ಆಡುವವರ ಕೈಯಲ್ಲಿ ತಂತಿಯಿಲ್ಲದ, ತೂತು ತೂತಾದ ದಪ್ಪ ಬ್ಯಾಟು. ಅದಕ್ಕೆ ಪ್ಯಾಡೆಲ್ ಎನ್ನುತ್ತಾರೆ, ಈಗ ಎಲ್ಲ ಕಡೆ ಅದೇ ಹುಚ್ಚು ಎಂದು ಹುಡುಗಿಯೊಬ್ಬಳು ಹೇಳಿದಳು. ನಾಲ್ವರಿಲ್ಲದೆ ಅದನ್ನು ಆಡಲು ಬರುವುದಿಲ್ಲ. ಅವತ್ತು ಒಬ್ಬರು ಕಡಿಮೆ ಇದ್ದರು. ಬರುತ್ತೀರಾ ಎಂದು ಕೇಳಿದರು. ಯಾರದೋ ಬೂಟು ಹಾಕಿಕೊಂಡು ಶೈಲಾ ಒಳಗೆ ಹೋದಳು.

ಮೊದಲ ಹತ್ತು ನಿಮಿಷ ಎಲ್ಲ ತಪ್ಪು. ಅವಳ ಹಳೆಯ ಆಟದಲ್ಲಿ ನೆಲಕ್ಕೆ ಬಿದ್ದ ಚೆಂಡು ಸತ್ತಂತೆ. ಇಲ್ಲಿ ಚೆಂಡು ನಿಮ್ಮನ್ನು ದಾಟಿ ಹೋಗಿ, ಹಿಂದಿನ ಗಾಜಿಗೆ ಬಡಿದು, ಮತ್ತೆ ನಿಮ್ಮ ಕಡೆಗೇ ಬರುತ್ತದೆ. ಆಗ ಹೊಡೆಯಬಹುದು. ಕೈತಪ್ಪಿತು ಎಂದುಕೊಂಡದ್ದು ಇನ್ನೊಮ್ಮೆ ಕೈಗೆ ಸಿಗುವ ಆಟವನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ. ಒಂದು ತಾಸು ಹೋದದ್ದೇ ತಿಳಿಯಲಿಲ್ಲ. ಹೊರಗೆ ಬಂದಾಗ ತೊಡೆ ನಡುಗುತ್ತಿತ್ತು, ಮುಖ ಕೆಂಪಾಗಿತ್ತು. ಗಂಡ ನೋಡಿ, ಜ್ವರ ಬಂದಿದೆಯೇ ಎಂದು ಹಣೆ ಮುಟ್ಟಿದ.

ಊರಿಗೆ ಬಂದವಳು ಹತ್ತಿರ ಎಲ್ಲಿ ಆಡಬಹುದು ಎಂದು ಫೋನಿನಲ್ಲಿ ಹುಡುಕಿದಳು. ಫೋನು ಅವಳನ್ನು ತಿರುಗಿ ಪುಣೆಗೇ ಕಳಿಸಿತು. ಶಾಲೆಯ ಹಿಂಗೋಡೆಗೆ ಸುಣ್ಣದ ಗೆರೆ ಎಳೆದು ಮಕ್ಕಳಿಗೆ ಮರದ ಹಲಗೆ ಕೊಟ್ಟು ಆಡಿಸಲು ನೋಡಿದಳು. ಕಿಟಕಿಯ ಗಾಜು ಎರಡು ಹೋದ ಮೇಲೆ ಹೆಡ್‌ಮಾಸ್ತರರು ಸಾಕು ಎಂದರು. ಆಮೇಲೆ, ವರ್ಷದ ಕೊನೆಗೆ, ಬಾಗಲಕೋಟೆಯ ನವನಗರದಲ್ಲಿ ಅನಿಲಕುಮಾರ ಎಂಬಾತ ತನ್ನ ಕಲ್ಯಾಣಮಂಟಪದ ಹಿಂದಿನ ಖಾಲಿ ಜಾಗದಲ್ಲಿ ಪ್ಯಾಡೆಲ್ ಅಂಗಳ ಹಾಕಿಸಿದ ಸುದ್ದಿ ಬಂತು. ಅಕ್ಕಪಕ್ಕದವರು ಅದನ್ನು ಮೀನಿನ ಪೆಟ್ಟಿಗೆ ಎಂದು ಕರೆದರು. ಸಂಜೆಯಾದರೆ ಗಾಜಿಗೆ ಮೂಗು ಹಚ್ಚಿ ನಿಂತು ನೋಡುವವರೇ ನೋಡುವವರು.

ಶೈಲಾ ಎರಡು ರವಿವಾರ ಹೋಗಿ ಹೊರಗೇ ನಿಂತು ಬಂದಳು. ಆಡುವವರೆಲ್ಲ ಹುಡುಗರು, ನಾಲ್ವರು ನಾಲ್ವರು ಗುಂಪು ಮಾಡಿಕೊಂಡು ಬರುತ್ತಿದ್ದರು. ನಲವತ್ತು ದಾಟಿದ ಹೆಂಗಸನ್ನು ಯಾರು ಸೇರಿಸಿಕೊಳ್ಳುತ್ತಾರೆ? ಜೋಡಿ ಕರೆದುಕೊಂಡು ಬಂದರೆ ಎದುರು ಆಡುವವರನ್ನು ತಾನು ಹುಡುಕಿಕೊಡುವೆ ಎಂದ ಅನಿಲಕುಮಾರ.

ಜೋಡಿ ಎಂದರೆ ಅವಳಿಗೆ ಒಂದೇ ಮುಖ ನೆನಪಾದದ್ದು. ಜನವರಿಯಲ್ಲಿ ಶಾಲೆಯ ಪ್ರವಾಸ ಬಾದಾಮಿಗೆ ಹೋದಾಗ ಆ ಮುಖ ತಾನಾಗಿ ಎದುರಿಗೆ ಬಂತು. ಮೇಣಬಸದಿ ಗುಹೆಗಳ ಮೆಟ್ಟಿಲ ಮೇಲೆ ನಿಂತು, ಪರದೇಶದ ಗಂಡ ಹೆಂಡತಿಗೆ ಇಂಗ್ಲಿಷಿನಲ್ಲಿ ನಟರಾಜನ ಕೈಗಳನ್ನು ಎಣಿಸಿ ತೋರಿಸುತ್ತಿದ್ದ ಹೆಂಗಸು ಕುಮುದಿನಿ. ಕೊರಳಲ್ಲಿ ಗೈಡಿನ ಕಾರ್ಡು, ತಲೆಗೆ ಬಿಳಿ ಟೋಪಿ. ಗಂಡ ಮೂತ್ರಪಿಂಡದ ಕಾಯಿಲೆಯಿಂದ ಹೋಗಿ ಹನ್ನೆರಡು ವರ್ಷವಾಗಿತ್ತು. ಲಾಡ್ಜು ಮೈದುನರ ಪಾಲಾಯಿತು. ಇವಳು ತರಬೇತಿ ಪಡೆದು ಗೈಡಾದಳು. ದಿನಕ್ಕೆ ಮೂರು ಸಲ, ಸೀಸನ್ನಿನಲ್ಲಿ ಐದು ಸಲ ನಾಲ್ಕೂ ಗುಹೆಗಳ ಮೆಟ್ಟಿಲು ಹತ್ತಿ ಇಳಿದು ಮಗಳು ಅಮಿತಾಳನ್ನು ಬಾಗಲಕೋಟೆಯಲ್ಲಿ ಫಾರ್ಮಸಿ ಓದಿಸುತ್ತಿದ್ದಳು.

ಶೈಲಾ ತನ್ನ ಮದುವೆಗೆ ಬಾರದ್ದನ್ನು ಕುಮುದಿನಿ ಎತ್ತಲಿಲ್ಲ. ಅಗಸ್ತ್ಯತೀರ್ಥದ ದಂಡೆಯಲ್ಲಿ ಕೂತು ಇಬ್ಬರೂ ಚಹಾ ಕುಡಿದರು. ಶೈಲಾ ಪ್ಯಾಡೆಲಿನ ಮಾತು ತೆಗೆದಾಗ ಅವಳು ನಕ್ಕುಬಿಟ್ಟಳು.

“ಏನ ಹುಚ್ಚದ ಶೈಲಾ ನಿಂದು. ನಲವತ್ತೆರಡ ಆಗ್ಯಾವ ನಮಗ. ಮ್ಯಾಲ ನನಗ ಸಕ್ಕರಿ ಅದ.”

“ಸಕ್ಕರಿಗೆ ಆಟಕ್ಕಿಂತ ಚಲೋ ಔಷಧ ಯಾವುದೈತಿ? ನಾ ಪಿ.ಟಿ. ಟೀಚರ್ ಇದ್ದೇನಿ, ನನಗ ಗೊತ್ತಿಲ್ಲೇನು?” ಎಂದಳು ಶೈಲಾ.

ಮೂರು ವಾರ ಫೋನು ಮಾಡಿ ಮಾಡಿ ಒಪ್ಪಿಸಿದಳು. ರವಿವಾರವೆಂದರೆ ಗೈಡುಗಳಿಗೆ ಸುಗ್ಗಿ. ಆ ದಿನದ ಬೆಳಗಿನ ಪಾಳಿಯನ್ನು ಕುಮುದಿನಿ ಬೇರೆಯವರಿಗೆ ಬಿಟ್ಟುಕೊಟ್ಟು ಬಾದಾಮಿಯಿಂದ ಮೊದಲ ಬಸ್ಸಿಗೆ ಹೊರಡತೊಡಗಿದಳು. ಇತ್ತ ಶೈಲಾ ಇಳಕಲ್ಲಿನಿಂದ. ಏಳು ಗಂಟೆಗೆ ನವನಗರದಲ್ಲಿ ಇಬ್ಬರೂ ಬೂಟಿನ ದಾರ ಕಟ್ಟುತ್ತಿದ್ದರು.

ಆ ಹತ್ತು ತಿಂಗಳನ್ನು ಶೈಲಾ ತನ್ನ ಬದುಕಿನ ಯಾವ ಹತ್ತು ತಿಂಗಳಿಗೂ ಹೋಲಿಸಲಾರಳು. ಮೊದಮೊದಲು ಸೋತರು, ಆಮೇಲೆ ಸೋಲುವುದು ಕಡಿಮೆಯಾಯಿತು. ಇಪ್ಪತ್ತೆರಡು ವರ್ಷ ಕಳೆದರೂ ಯಾವ ಚೆಂಡು ಯಾರದು ಎಂಬುದು ಬಾಯಿಬಿಟ್ಟು ಹೇಳದೆ ಗೊತ್ತಾಗುತ್ತಿತ್ತು. ಕುಮುದಿನಿ ಎತ್ತರದವಳು, ಮೆಟ್ಟಿಲು ಹತ್ತಿ ಗಟ್ಟಿಯಾದ ಕಾಲಿನವಳು. ತಲೆಯ ಮೇಲಿಂದ ಹೋಗುವ ಚೆಂಡೆಲ್ಲ ಅವಳ ಪಾಲು. ಜಾಳಿಗೆಯ ಹತ್ತಿರದ್ದೆಲ್ಲ ಶೈಲಾಳದು. ಹುಡುಗರು ಈಗ ತಾವಾಗಿ ಕೇಳಿಕೊಂಡು ಬಂದು ಇವರೆದುರು ಆಡಿದರು. ಆಟ ಮುಗಿಸಿ ಬಸ್‌ಸ್ಟ್ಯಾಂಡಿನ ಎದುರಿಗೆ ಇಡ್ಲಿ ತಿನ್ನುವಾಗ ಅಮಿತಾ ಹಾಸ್ಟೆಲಿನಿಂದ ಬಂದು ಕೂಡುತ್ತಿದ್ದಳು. ಅವಳು ಶೈಲಾಳನ್ನು ಮಾವಶಿ, ಎಂದರೆ ಚಿಕ್ಕಮ್ಮ, ಎಂದು ಕರೆದಳು. ಮೊದಲ ಸಲ ಹಾಗೆ ಕರೆದಾಗ ಶೈಲಾ ಚಟ್ನಿಯ ಬಟ್ಟಲನ್ನು ಅವಳತ್ತ ಸರಿಸಿದಳು.

ಅನಿಲಕುಮಾರ ಡಿಸೆಂಬರಿನಲ್ಲಿ ಒಂದು ದಿನದ ಟೂರ್ನಮೆಂಟು ಇಟ್ಟ. ಎಂಟು ಜೋಡಿ. ಹೆಂಗಸರ ಜೋಡಿ ಇವರದೊಂದೇ. ಅದಕ್ಕೆ ಒಂದು ತಿಂಗಳು ಮುಂಚಿನಿಂದ ಕುಮುದಿನಿ ಬಲಗಾಲಿನ ಮಾತು ಹೇಳುತ್ತಿದ್ದಳು. ಮುಂಜಾನೆ ಏಳುವಾಗ ಹಿಮ್ಮಡಿಯ ಮೇಲೆ ಹಿಡಿದಂತಾಗುತ್ತದೆ, ನಾಲ್ಕು ಹೆಜ್ಜೆ ನಡೆದರೆ ಬಿಡುತ್ತದೆ ಎಂದು. ಬಿಸಿನೀರು ಹಾಕು, ಹೋಗುತ್ತದೆ ಎಂದಿದ್ದಳು ಶೈಲಾ. ಬಿ.ಪಿ.ಎಡ್. ಓದುವಾಗ ಅದೇ ನೋವಿನ ಬಗ್ಗೆ ಅವಳು ಒಂದು ಪುಟ ಪೂರ್ತಿ ಬರೆದು ಪಾಸಾದವಳು. ಅದು ನೆನಪಾಗಲಿಲ್ಲ ಎನ್ನುವಂತಿರಲಿಲ್ಲ. ನೆನಪಾಗಿತ್ತು. ಒಂದು ತಿಂಗಳು ವಿಶ್ರಾಂತಿ ಎಂದರೆ ಟೂರ್ನಮೆಂಟು ಹೋಯಿತು ಎಂಬುದೂ ನೆನಪಾಗಿತ್ತು.

ಮೊದಲ ಆಟ ಗೆದ್ದರು. ಎರಡನೆಯದು ದಂತವೈದ್ಯಕೀಯ ಕಲಿಯುವ ಇಬ್ಬರು ಹುಡುಗರ ಎದುರು. ಒಂದು ಸೆಟ್ಟು ಇವರು, ಒಂದು ಸೆಟ್ಟು ಅವರು. ಮೂರನೆಯದಕ್ಕೆ ಮುಂಚೆ ಕುಮುದಿನಿ ಗಾಜಿಗೆ ಒರಗಿ ಕೂತು ಮೀನಖಂಡ ತಿಕ್ಕಿಕೊಳ್ಳುತ್ತ, ಕಾಲು ಬಿಗಿಯುತ್ತಿದೆ, ಇಲ್ಲಿಗೇ ಬಿಡೋಣವೇ ಎಂದು ಕೇಳಿದಳು. ಹೊರಗೆ ನೂರು ಜನ ನಿಂತಿದ್ದರು. ಶೈಲಾಳಿಗೆ ಗೆಲುವು ಕೈಗೆಟುಕುವಷ್ಟು ಹತ್ತಿರ ಕಂಡಿತ್ತು.

“ಇದೊಂದು ಸೆಟ್ಟು ಕುಮು. ಆಮ್ಯಾಲ ನಾಳೆಯಿಂದ ಬೇಕಾದಷ್ಟು ಮಲಕ್ಕೋ” ಎಂದಳು.

ಕುಮುದಿನಿ ಎದ್ದಳು.

ನಾಲ್ಕು ನಾಲ್ಕು ಸಮನಾದಾಗ ಎದುರಿನ ಹುಡುಗ ಚೆಂಡನ್ನು ಎತ್ತರಕ್ಕೆ ಎತ್ತಿ ಇವರ ತಲೆಯ ಮೇಲಿಂದ ದಾಟಿಸಿದ. ನಿನ್ನದು ಎಂದು ಶೈಲಾ ಕೂಗಿದಳು. ಕುಮುದಿನಿ ಹಿಂದಕ್ಕೆ ಓಡಿ, ಕಾಲೂರಿ ನೆಗೆಯಹೋದಳು. ಒಣ ಕೊಂಬೆ ಮುರಿದಂಥ ಸದ್ದು. ಜಾಳಿಗೆಯ ಬಳಿ ನಿಂತಿದ್ದ ಶೈಲಾಳಿಗೂ ಅದು ಕೇಳಿಸಿತು. ಬಿದ್ದ ಕುಮುದಿನಿ ಒಂದು ಕೈಯಲ್ಲಿ ಹಿಮ್ಮಡಿ ಹಿಡಿದುಕೊಂಡು ತಿರುಗಿ ನೋಡಿದಳು. ಮುಖದಲ್ಲಿ ನೋವಿಗಿಂತ ಆಶ್ಚರ್ಯವೇ ಹೆಚ್ಚಿತ್ತು.

“ಯಾಕ ಹೊಡದಿ ನನಗ?” ಎಂದು ಕೇಳಿದಳು.

ಹಿಂದಿನಿಂದ ಬ್ಯಾಟಿನಿಂದ ಬಾರಿಸಿದಂತೆ ಆಗಿತ್ತಂತೆ ಅವಳಿಗೆ. ಹಿಮ್ಮಡಿಯ ನರ ಹರಿದಾಗ ಎಲ್ಲರಿಗೂ ಹಾಗೇ ಅನಿಸುತ್ತದೆ ಎಂದು ದವಾಖಾನೆಯ ಡಾಕ್ಟರು ಆಮೇಲೆ ತಿಳಿಸಿ ಹೇಳಿದರು. ಹಿಮ್ಮಡಿಯನ್ನೂ ಮೀನಖಂಡವನ್ನೂ ಕಟ್ಟಿ ಹಿಡಿದಿರುವ ಹುರಿಯಂಥ ನರ ಪೂರ್ತಿ ಎರಡಾಗಿತ್ತು.

ಆಪರೇಶನ್ ಸರಿಯಾಗಿಯೇ ಆಯಿತು. ಕೂಡಿಕೊಳ್ಳದೇ ಇದ್ದದ್ದು ಮೇಲಿನ ಚರ್ಮ. ಸಕ್ಕರೆ ಕಾಯಿಲೆಯ ಮೈ. ಹೊಲಿಗೆ ಬಿಚ್ಚಿದ ವಾರದಲ್ಲಿ ಗಾಯ ಬಾಯಿಬಿಟ್ಟಿತು, ಕೀವಾಯಿತು. ಎರಡನೆಯ ಸಲ ಕೊಯ್ದು ಕೆಟ್ಟ ಭಾಗವನ್ನು ತೆಗೆದರು, ತೊಡೆಯ ಚರ್ಮ ತಂದು ಹಚ್ಚಿದರು. ಯುಗಾದಿ ಹೋಯಿತು, ಮಳೆಗಾಲ ಬಂತು. ಪಟ್ಟಿ ಬಿಚ್ಚಿದಾಗ ಉಳಿದದ್ದು ಕಟ್ಟಿಗೆಯಂತೆ ಬಿರುಸಾದ ಪಾದ. ಸಮನೆಲದ ಮೇಲೆ ಕೋಲು ಊರಿಕೊಂಡು ನಡೆಯಬಹುದು. ಮೆಟ್ಟಿಲು ಆಗದು.

ಮೆಟ್ಟಿಲು ಆಗದ ಗೈಡು ಬಾದಾಮಿಯಲ್ಲಿ ಏನು ಮಾಡಬೇಕು? ಒಂದೆರಡು ವಾರ ಕುಮುದಿನಿ ಕೆಳಗೆ ಮ್ಯೂಸಿಯಮ್ಮಿನ ಬಳಿ ನಿಂತು ನೋಡಿದಳು. ಬಂದವರು ಗುಹೆಗೆ ಬರುತ್ತೀರಾ ಎಂದು ಕೇಳುವರು, ಕೋಲು ನೋಡುವರು, ಪರವಾಗಿಲ್ಲ ಎಂದು ಮುಂದೆ ಹೋಗುವರು. ಜೊತೆಯ ಗೈಡುಗಳು ಅವಳನ್ನು ಕಂಡರೆ ದನಿ ತಗ್ಗಿಸತೊಡಗಿದರು. ಅದನ್ನು ತಾಳಲಾರದೆ ಬಾಡಿಗೆಯ ಕೋಣೆ ಬಿಟ್ಟು ಪಕ್ಕದ ಚೊಳಚಗುಡ್ಡದಲ್ಲಿದ್ದ ಅಣ್ಣ ಶ್ರೀನಿವಾಸನ ಮನೆ ಸೇರಿದಳು. ಅಲ್ಲಿ ಬನಶಂಕರಿ ಗುಡಿಯ ಅಂಗಡಿಗಳಿಗೆ ಹೂಬತ್ತಿ ಹೊಸೆದು ಕೊಡುವುದು ಅವಳ ಕೆಲಸವಾಯಿತು. ಅಮಿತಾ ಮೂರನೆಯ ವರ್ಷಕ್ಕೆ ಕಾಲೇಜು ಬಿಟ್ಟು ಬಾದಾಮಿಯ ಔಷಧದ ಅಂಗಡಿಯೊಂದಕ್ಕೆ ಸೇರಿಕೊಂಡಳು.

ಶೈಲಾ ಪ್ರತಿ ರವಿವಾರ ಚೊಳಚಗುಡ್ಡಕ್ಕೆ ಹೋದಳು. ಹಣ್ಣು ಒಯ್ದಳು, ಕಾಲಿಗೆ ವ್ಯಾಯಾಮ ಮಾಡಿಸಿದಳು, ಬತ್ತಿ ಹೊಸೆಯಲು ಕೂತಳು. ಅವಳು ಹೊಸೆದ ಬತ್ತಿ ದಪ್ಪಗಾಗಿ ಅಂಗಡಿಯವರು ಹಿಂದಕ್ಕೆ ಕಳಿಸಿದರು. ಮೊದಲು ಕುಮುದಿನಿ ಮಾತಾಡುತ್ತಿದ್ದಳು. ಬರಬರುತ್ತ ಹೂಂ, ಉಹೂಂ ಎಂಬುದಷ್ಟೇ ಉಳಿಯಿತು. ಒಂದು ದಿನ ಶೈಲಾ ತಡೆಯಲಾಗದೆ ಎಲ್ಲ ಹೇಳಿಬಿಟ್ಟಳು. ಹಿಮ್ಮಡಿಯ ನೋವು ಏನೆಂದು ನನಗೆ ಗೊತ್ತಿತ್ತು, ಗೊತ್ತಿದ್ದೂ ಎಬ್ಬಿಸಿ ಆಡಿಸಿದೆ, ಗೆಲ್ಲುವ ಆಸೆ ನನ್ನದು, ಹೋದದ್ದು ನಿನ್ನ ಕಾಲು ಎಂದು. ಹೇಳುತ್ತ ಅತ್ತಳು. ಕುಮುದಿನಿ ಕೈಯ ಅರಳೆಯನ್ನು ಕೆಳಗಿಟ್ಟು, ಅವಳ ಅಳು ಮುಗಿಯುವವರೆಗೆ ಕಾದಳು.

“ನೀ ಇನ್ನ ಬರೂದು ಬಿಡು ಶೈಲಾ” ಎಂದಳು. “ನೀ ತಪ್ಪು ಮಾಡಿದಿ ಅಂತ ನಾ ಅನ್ನಂಗಿಲ್ಲ. ಆದ್ರ ನೀ ಬಂದು ಕೂತಾಗೆಲ್ಲ ನಿನ್ನ ಸಮಾಧಾನ ಮಾಡೂ ಕೆಲಸ ನನ್ನ ಮ್ಯಾಲ ಬೀಳ್ತದ. ಅದು ನನ್ನ ಕೈಲೆ ಆಗವಲ್ದು.”

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಶೈಲಾ ಮುಂದಿನ ವಾರವೂ ಹೋಗುತ್ತಿದ್ದಳು.

ಆಟವೋ, ಇವರಿಬ್ಬರಿಲ್ಲದೆಯೇ ಬೆಳೆಯಿತು. ನವನಗರದಲ್ಲಿ ಎರಡನೆಯ ಅಂಗಳ ಬಂತು. ಗ್ರಾನೈಟ್ ವ್ಯಾಪಾರದ ಅಫ್ಸರ ಎಂಬಾತ ಇಳಕಲ್ಲಿನಲ್ಲಿಯೇ ಒಂದು ಹಾಕಿಸಿದ, ಶೈಲಾಳ ಮನೆಯಿಂದ ಹತ್ತು ನಿಮಿಷದ ದಾರಿ. ಹುನಗುಂದದಲ್ಲೂ ಜಾಗ ನೋಡುತ್ತಿದ್ದಾರೆ ಎಂದು ಮಾತು ಹಬ್ಬಿತು. ಅನಿಲಕುಮಾರ ಬಸ್‌ಸ್ಟ್ಯಾಂಡಿನ ಎದುರು ದೊಡ್ಡ ಫ್ಲೆಕ್ಸು ನಿಲ್ಲಿಸಿದ. ಅದರಲ್ಲಿ ಶೈಲಾ, ಕುಮುದಿನಿ ಬ್ಯಾಟು ಹೆಗಲ ಮೇಲಿಟ್ಟು ನಗುತ್ತಿದ್ದರು. ಕೆಳಗೆ, ‘ಈ ಆಟಕ್ಕೆ ವಯಸ್ಸಿನ ಹಂಗಿಲ್ಲ’. ಶೈಲಾ ಫೋನು ಮಾಡಿ, ಅದನ್ನು ತೆಗೆಸಬೇಕೆಂದು ಕೇಳಿಕೊಂಡಳು. ಅವನು ಕೆಟ್ಟವನಲ್ಲ. ಕುಮುದಿನಿ ಬಾಯಿಯವರ ಕಾಲು ಈಗ ಹೇಗಿದೆ ಎಂದು ವಿಚಾರಿಸಿದ, ಸೀಸನ್ನು ಮುಗಿಯಲಿ, ಬದಲಿಸೋಣ ಎಂದ. ಬದಲಿಸಲಿಲ್ಲ.

ಅಫ್ಸರ ಮನೆಗೇ ಬಂದಿದ್ದ. ಇಳಕಲ್ಲಿನಲ್ಲಿ ಈ ಆಟ ಬಲ್ಲವರು ನೀವೊಬ್ಬರೇ, ಸಂಜೆ ಒಂದು ತಾಸು ಬಂದು ಮಕ್ಕಳಿಗೆ ಕಲಿಸಿಕೊಡಿ ಎಂದು ಕೈಮುಗಿದು ಕೇಳಿದ. ಚೇತನಕುಮಾರ ಪಕ್ಕದಲ್ಲಿ ಕೂತು ಹೆಂಡತಿಯ ಮುಖ ನೋಡುತ್ತಿದ್ದ. ಅವಳು ಒಪ್ಪಲಿ ಎಂದು ಅವನಿಗೆ ಇತ್ತು. ಅವಳು ಆಗುವುದಿಲ್ಲ ಎಂದಳು. ಅಫ್ಸರ ಹೋದ ಮೇಲೆ ಅವನು ಮೆಲ್ಲಗೆ ಕೇಳಿದ, “ನೀ ಏನ್ ಆಕಿ ಕಾಲ ಹಿಡದು ಮುರದಿ ಏನು? ಎಷ್ಟ ದಿನ ಹಿಂಗ ಇರ್ತಿ?”

ಅವಳು ಚಹಾದ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದಳು. ಅಫ್ಸರ ಪುಣೆಯಿಂದ ಒಬ್ಬ ಹುಡುಗನನ್ನು ಕರೆಸಿಕೊಂಡ.

ದಸರೆ ರಜೆಯಲ್ಲಿ ಒಂದು ದಿನ ಮಾತ್ರ ಶೈಲಾ ಬಾದಾಮಿಗೆ ಹೋದಳು. ಚೊಳಚಗುಡ್ಡಕ್ಕೆ ಹೋಗುವ ಧೈರ್ಯವಿರಲಿಲ್ಲ. ಅಮಿತಾಳನ್ನಾದರೂ ಕಂಡು, ಕಾಲೇಜಿಗೆ ಮರಳಿ ಹೋಗುವಂತೆ ಹೇಳಿ, ಅದರ ಖರ್ಚು ತನ್ನದು ಎನ್ನಬೇಕೆಂದಿದ್ದಳು. ಬಸ್ಸಿನಲ್ಲಿ ಮಾತುಗಳನ್ನು ಹೊಂದಿಸಿಕೊಂಡಿದ್ದಳು. ಅಂಗಡಿಯಲ್ಲಿ ಗಿರಾಕಿಗಳ ನಡುವೆ ಅಮಿತಾ ಚೀಟಿ ಓದಿ ಔಷಧ ತೆಗೆದುಕೊಡುತ್ತಿದ್ದಳು. ಬಡವಾಗಿದ್ದಳು. ಶೈಲಾಳ ಸರದಿ ಬಂದಾಗ ತಲೆಯೆತ್ತಿ ನೋಡಿದಳು. ಗುರುತು ಹಿಡಿದದ್ದು ಕಣ್ಣಲ್ಲಿ ಕಂಡಿತು.

“ಏನ ಬೇಕಾಗಿತ್ತರಿ?” ಎಂದು ಕೇಳಿದಳು.

ಶೈಲಾಳ ಹಿಂದೆ ಜನ ನಿಂತಿದ್ದರು. ತಲೆನೋವಿನ ಗುಳಿಗೆ ಎಂದಳು ಶೈಲಾ. ಅಮಿತಾ ಒಂದು ಪಟ್ಟಿ ಗುಳಿಗೆಯನ್ನು ಕಾಗದದ ಚೀಲಕ್ಕೆ ಹಾಕಿ ಕೊಟ್ಟಳು, ಊಟ ಆದ ಮೇಲೆ ತೆಗೆದುಕೊಳ್ಳಬೇಕು ಎಂದಳು, ಹಿಂದಿನವರ ಚೀಟಿಗೆ ಕೈಚಾಚಿದಳು.

ಈಗಲೂ ಶೈಲಾ ಹುನಗುಂದದ ಶಾಲೆಯಲ್ಲಿಯೇ ಇದ್ದಾಳೆ. ಆಟದ ಪಿರಿಯಡ್ಡಿನಲ್ಲಿ ಹಾಜರಿ ಹಾಕಿ ಮಕ್ಕಳನ್ನು ಅವರಷ್ಟಕ್ಕೆ ಬಿಡುತ್ತಾಳೆ. ಯಾರಾದರೂ ಕಾಲು ನೋವು ಎಂದರೆ ಮರುಮಾತಿಲ್ಲದೆ ನೆರಳಿಗೆ ಕೂರಿಸುತ್ತಾಳೆ. ಹಾಗೆ ಕೂರುವವರು ದಿನದಿಂದ ದಿನಕ್ಕೆ ಹೆಚ್ಚಾಗಿ, ಈ ವರ್ಷ ತಾಲೂಕಿನ ಖೊಖೊ ಪಂದ್ಯಕ್ಕೆ ತಂಡ ಕಟ್ಟಲು ಒಂಬತ್ತು ಹುಡುಗಿಯರೂ ಸಿಗಲಿಲ್ಲ. ಹೆಡ್‌ಮಾಸ್ತರರು ಕರೆದು ಕೇಳಿದರು. ತಂಡ ಇಲ್ಲವೆಂದು ಬರೆದುಕೊಡುವೆ ಎಂದಳು, ಬರೆದುಕೊಟ್ಟಳು.

ರವಿವಾರ ಬೆಳಿಗ್ಗೆ ಐದಕ್ಕೇ ಎಚ್ಚರವಾಗುತ್ತದೆ. ಅಫ್ಸರನ ಅಂಗಳದಿಂದ ಗಾಜಿಗೆ ಚೆಂಡು ಬಡಿಯುವ ಸದ್ದು ಗಾಳಿ ಈ ಕಡೆಗೆ ಬೀಸಿದಾಗ ಮನೆಗೆ ಕೇಳುತ್ತದೆ. ಹಿಂದಿನ ರವಿವಾರ ಅವಳು ಚೀಲ ಹಿಡಿದು ಇಳಕಲ್ಲಿನ ಬಸ್‌ಸ್ಟ್ಯಾಂಡಿನವರೆಗೂ ಹೋಗಿದ್ದಳು. ಬಾದಾಮಿಯ ಬಸ್ಸು ಬಂದು ನಿಂತಿತು. ಕಂಡಕ್ಟರು ಪರಿಚಯದವನು, ಬರ್ರಿ ಅಕ್ಕೋರೇ ಎಂದು ಕರೆದ. ಇನ್ನೊಬ್ಬರು ಬರುವವರಿದ್ದಾರೆ, ಅವರಿಗಾಗಿ ಕಾಯುತ್ತಿದ್ದೇನೆ ಎಂದು ಸುಳ್ಳು ಹೇಳಿದಳು. ಬಸ್ಸು ಹೋಯಿತು. ಮುಂದಿನ ಬಸ್ಸೂ ಬಂದು ಹೋಯಿತು. ಬಿಸಿಲೇರಿದ ಮೇಲೆ ಎದ್ದು, ದಾರಿಯಲ್ಲಿ ಎರಡು ಸೂಡು ಮೆಂತ್ಯಸೊಪ್ಪು ಕೊಂಡು ಮನೆಗೆ ನಡೆದಳು.